ಚಾಲು ಅಂದರೆ ಚಾಲು

ಪ್ರೋತ್ಸಾಹ ಎನ್ನುವುದು ವಿಚಿತ್ರವಾದ ಪದಾರ್ಥ. ಕೊಡುವವರಿಗೆ ಕೊಟ್ಟಷ್ಟೂ ತೃಪ್ತಿ, ತೆಗೆದುಕೊಳ್ಳುವವರಿಗೆ ಅದನ್ನು ಎಲ್ಲಿಡಬೇಕೆಂಬ ಚಿಂತೆ. ನಮ್ಮ ಮನೆಗೆ ಅದು ಸ್ಟೀಲ್ ಡಬ್ಬಿಗಳಲ್ಲಿ ಬಂತು. ಚಳ್ಳಕೆರೆಯಲ್ಲಿ ನಮ್ಮದು ಸಣ್ಣ ಸಭೆ. ಭಾನುವಾರದ ಆರಾಧನೆಗೆ ಬರುವವರೆಲ್ಲ ಒಂದು ಹಾಲ್‌ನಲ್ಲಿ ಹಿಡಿಯುತ್ತಾರೆ; ಕ್ರಿಸ್‌ಮಸ್ ದಿನ ಮಾತ್ರ ಚಪ್ಪಲಿ ಬಿಡುವ ಜಾಗದವರೆಗೂ ಚಾಪೆ ಹಾಸಬೇಕಾಗುತ್ತದೆ. ಮಕ್ಕಳಿಲ್ಲದ ನಾನೂ ನನ್ನ ಹೆಂಡತಿ ಸುಗುಣಳೂ ಒಂದು ಹುಡುಗಿಯನ್ನು ಸಾಕಲು ಕರೆತರುತ್ತೇವೆಂದು ಗೊತ್ತಾದದ್ದೇ ತಡ, ಇಡೀ ಸಭೆ ಟೊಂಕ ಕಟ್ಟಿ ನಿಂತಿತು. ಪಾಸ್ಟರು ಪ್ರಸಂಗದ ಕೊನೆಗೆ, "ಪ್ರಾರ್ಥನೆ ಮಾಡ್ತೀವಿ ಅಂತ ಬಾಯಲ್ಲಿ ಹೇಳಿ ಮನೆಗೆ ಹೋಗೋದಲ್ಲ, ಕೈಯಲ್ಲಿ ಏನಾಗುತ್ತೋ ಅದನ್ನ ಮಾಡ್ರಿ" ಎಂದರು. ನಮ್ಮವರಿಗೆ ಕೈಯಲ್ಲಾಗುವುದು ಎಂದರೆ ಅಡುಗೆ. ಅಲ್ಲಿಂದ ಶುರುವಾಯಿತು ನೋಡಿ.

ನನ್ನ ಕಸುಬು ಸುಟ್ಟುಹೋದ ಮೋಟರುಗಳಿಗೆ ಹೊಸ ತಂತಿ ಸುತ್ತುವುದು. ನಾನೂ ಸುಗುಣಳೂ ಹುಟ್ಟಿದ್ದು ಬೆಳೆದದ್ದು ಹುಬ್ಬಳ್ಳಿಯಲ್ಲಿ, ಹೊಟ್ಟೆ ಕರೆತಂದು ನಿಲ್ಲಿಸಿದ್ದು ಇಲ್ಲಿ. ಬೋರ್‌ವೆಲ್ ಮೋಟರು ಕೈಕೊಟ್ಟವರು ಕೊಂಡ್ಲಹಳ್ಳಿಯಿಂದ, ರಾಂಪುರದಿಂದ ಅದನ್ನು ಹೊತ್ತು ತರುತ್ತಾರೆ. ತಮ್ಮತಮ್ಮಲ್ಲಿ ತೆಲುಗು ಆಡುತ್ತಾ ಬರುವವರು ನನ್ನ ಕಡೆ ತಿರುಗಿದ ಕೂಡಲೇ ಕನ್ನಡಕ್ಕೆ ಇಳಿಯುತ್ತಾರೆ. ಅವರ ಈ ಮರ್ಯಾದೆಯಿಂದಾಗಿ ನಾನು ತೆಲುಗು ಕಲಿಯಲೇ ಇಲ್ಲ; ಕಲಿತಿದ್ದೇನೆಂಬ ನಂಬಿಕೆ ಮಾತ್ರ ಗಟ್ಟಿಯಾಗಿ ಬೆಳೆಯಿತು. 'ಕಾಲಿಪೋಯಿಂದಿ' ಎಂದರೆ ಸುಟ್ಟುಹೋಯಿತು ಎಂದು ತಿಳಿದವನಿಗೆ ನನ್ನ ಧಂದೆಯಲ್ಲಿ ಇನ್ನೇನು ಬೇಕು? ಇನ್ನು ಹುಬ್ಬಳ್ಳಿಯಿಂದ ಬಂದು ನನ್ನ ಬಾಯಲ್ಲಿ ಸದಾ ಓಡಾಡುವ ಮಾತು 'ಚಾಲು'. ಚಾಲು ಮಾಡಿ ನೋಡು, ಚಾಲು ಆಯ್ತೇನು, ಚಾಲು ಇರಲಿ ಬಿಡು. ಸತ್ತ ಮೋಟರು ಗುಂಯ್ ಎಂದು ಚಾಲು ಆಗುವಾಗಿನ ಸಂತೋಷ ಅನುಭವಿಸಿದವನಿಗೇ ಗೊತ್ತು.

ಹುಡುಗಿಯ ಹೆಸರು ಈಶ್ವರಿ. ರಾಂಪುರದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡಂತಿರುವ ಒಂದು ಹಟ್ಟಿಯವಳು. ತಂದೆ ತಾಯಿ ಇಲ್ಲ. ಸಾಕಿದ ಅಜ್ಜಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ತನ್ನ ತಂಗಿಯ ಮನೆ ಸೇರಿದ್ದಳು. ಅಲ್ಲಿ ಮಗುವಿಗೆ ಜಾಗವಿರಲಿಲ್ಲ. ಹೀಗೆ ಅಧಿಕಾರಿಗಳ ಮೂಲಕ ಅವಳು ನಮ್ಮ ಮನೆಗೆ ಬಂದಳು. ಕರೆತಂದ ಮೇಡಂ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿದ್ದರು: "ಸದ್ಯಕ್ಕೆ ಇಟ್ಟುಕೊಳ್ಳಿ. ಆಮೇಲೆ ಬಂದು ಮಗುವನ್ನೇ ಕೇಳ್ತೀನಿ. ಅವಳಿಗೆ ಒಗ್ಗಲಿಲ್ಲ ಅಂದ್ರೆ ಬಲವಂತ ಇಲ್ಲ." ಆ ದಿನದಿಂದ ಸುಗುಣ ಕ್ಯಾಲೆಂಡರಿನ ಕಡೆ ನೋಡುವುದನ್ನೇ ಬಿಟ್ಟಳು. ನಾನು ಧೈರ್ಯವಂತನಂತೆ ನಟಿಸಿದೆ. ಒಳಗೆ ನನ್ನದೂ ಅದೇ ಸ್ಥಿತಿ.

ನಮ್ಮ ಸಭೆಯ ಹಿರಿಯರಾದ ಸಾರಮ್ಮನವರು ಹುಡುಗಿಗೆ ಎಸ್ತೇರ್ ಎಂದು ಬೈಬಲಿನ ಹೆಸರಿಡೋಣ ಎಂದರು. ಪಾಸ್ಟರು ತಲೆ ಅಲ್ಲಾಡಿಸಿದರು. "ಹೆಸರು ಅವಳ ಮನೇದು ಕಣ್ರಮ್ಮ. ಆ ಮಗು ತಂದಿರೋ ಗಂಟು ಅದೊಂದೇ. ಅದಕ್ಕೆ ಕೈ ಹಾಕಬ್ಯಾಡ್ರಿ." ಸುಗುಣ ಅಂಗಡಿಗೆ ಹೋಗಿ, ಈಶ್ವರಿ ಹಣೆಗಿಡುತ್ತಿದ್ದಂಥದೇ ಸ್ಟಿಕ್ಕರ್ ಹುಡುಕಿ ತಂದಳು. ಸಾರಮ್ಮನವರು ತಮ್ಮ ಉತ್ಸಾಹವನ್ನೆಲ್ಲ ಡಬ್ಬಿಗೆ ತಿರುಗಿಸಿದರು.

ಡಬ್ಬಿಗಳು ಪಾಳಿಯ ಪ್ರಕಾರ ಬರುತ್ತಿದ್ದವು. ಒಂದು ದಿನ ಕೋಳಿ ಸಾರು, ಒಂದು ದಿನ ಮೊಟ್ಟೆ ಪಲ್ಯ, ಇನ್ನೊಂದು ದಿನ ತುಪ್ಪ ಸೋರುವ ಹೋಳಿಗೆ. ತಂದವರು ಬಾಗಿಲಲ್ಲೇ ಕೊಟ್ಟು, ಹಿಂದಿನ ಖಾಲಿ ಡಬ್ಬಿ ಪಡೆದು, "ಪಾಪ, ಸೊರಗೈತೆ ಮಗು, ಚೆನ್ನಾಗಿ ತಿನ್ನಿಸ್ರಿ" ಎಂದು ಹೇಳಿ ಹೊರಡುತ್ತಿದ್ದರು. ಈಶ್ವರಿಗೆ ಶಾಲೆಯ ಕನ್ನಡ ಬರುತ್ತಿತ್ತು. ಆದರೆ ಹೆದರಿದಾಗ, ಸಂಕೋಚವಾದಾಗ ಮನೆಯ ಭಾಷೆಯೇ ಬಾಯಿಗೆ ಬರುತ್ತಿತ್ತು. ಮೊದಲ ದಿನ ಬಡಿಸಿದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯದೆ, ತಲೆ ತಗ್ಗಿಸಿ ಮೆಲ್ಲಗೆ, "ಚಾಲು" ಎಂದಳು.

ನನಗಾದ ಆನಂದ ಹೇಳತೀರದು. ಬಂದ ದಿನವೇ ನನ್ನ ಅಂಗಡಿಯ ಮಾತು ಕಲಿತುಬಿಟ್ಟಿದ್ದಾಳೆ. "ಚಾಲು ಅಂತಾಳ ನೋಡ, ಹಾಕು, ಹಾಕು" ಎಂದೆ. ಸುಗುಣ ಹಾಕಿದಳು. ಹುಡುಗಿ ನನ್ನ ಮುಖ ನೋಡಿದಳು, ತಟ್ಟೆ ನೋಡಿದಳು, "ಚಾಲು, ಚಾಲು" ಎಂದಳು. ಎರಡು ಸಲ ಕೇಳಿದವಳಿಗೆ ಇಲ್ಲವೆನ್ನಲಾದೀತೇ? ಇನ್ನೊಂದು ಸೌಟು ಬಿತ್ತು. ಅವಳು ಅಷ್ಟನ್ನೂ ತಿಂದಳು. ತಟ್ಟೆಯಲ್ಲಿ ಒಂದು ಅಗುಳು ಬಿಡಲಿಲ್ಲ.

ಕೆಲವೇ ದಿನಗಳಲ್ಲಿ ಹುಡುಗಿ ಊಟದ ಹೊತ್ತಿಗೆ ಕಾಣೆಯಾಗತೊಡಗಿದಳು. ಹುಡುಕಿದರೆ ನೀರಿನ ಡ್ರಮ್ಮಿನ ಹಿಂದೆ ಕುಳಿತಿರುತ್ತಿದ್ದಳು. ತಟ್ಟೆ ಇಡುವ ಸದ್ದಿಗೇ ಅವಳ ಮುಖ ಬಿಳುಚುತ್ತಿತ್ತು. ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುತ್ತಿದ್ದಳು. ಡಾಕ್ಟರು ಜಂತುಹುಳುವಿನ ಔಷಧಿ ಕೊಟ್ಟರು. ಸುದ್ದಿ ಸಭೆಗೆ ಮುಟ್ಟಿತು. ಮಗು ಊಟ ಬಿಟ್ಟಿದೆ ಎಂದು ತಿಳಿದ ಮೇಲೆ ನಮ್ಮವರು ಮಾಡುವುದು ಒಂದೇ: ಡಬ್ಬಿಯ ಗಾತ್ರ ಹೆಚ್ಚಾಯಿತು.

ಒಂದು ಸಂಜೆ ನೋವಿಗೆ ಒದ್ದಾಡುತ್ತಿದ್ದವಳು "ಅವ್ವಾ" ಎಂದು ಕೂಗಿದಳು. ಸುಗುಣ ಒಲೆಯ ಮೇಲಿದ್ದ ಹಾಲನ್ನೂ ಮರೆತು ಓಡಿದಳು. ಹಾಲು ಉಕ್ಕಿ ಹರಿಯಿತು. ಅವಳ ಕಣ್ಣೂ ಹಾಗೆಯೇ. "ನನಗ ಅವ್ವಾ ಅಂದ್ಳು, ಕೇಳಿದ್ರಿಲ್ಲೋ?" ಎಂದು ನನ್ನನ್ನು ಮತ್ತೆ ಮತ್ತೆ ಕೇಳಿದಳು. ಆದರೆ ತಬ್ಬಿಕೊಳ್ಳಲು ಹೋದರೆ ಹುಡುಗಿ ಗೋಡೆಯ ಕಡೆ ಹೊರಳಿ ಇನ್ನೂ ಜೋರಾಗಿ ಅತ್ತಳು. ಕೂಗಿ ಕರೆದವಳು ಬಂದ ಮೇಲೆ ಯಾಕೆ ತಿರುಗಿಕೊಂಡಳೋ ನಮ್ಮಿಬ್ಬರಿಗೂ ತಿಳಿಯಲಿಲ್ಲ. ಸುಗುಣ ಆಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಕುಳಿತು, "ಕೂಸು ನನ್ನ ಕೈಯಾಗಿನ ಅನ್ನಕ್ಕ ಹೆದರಾಕತ್ತೈತ್ರಿ. ನಾ ಯಾಕ ತಾಯಿ ಆಗಲಿಲ್ಲ ಅನ್ನೋದು ದೇವರಿಗೆ ಮೊದಲ ಗೊತ್ತಿತ್ತೇನೋ" ಎಂದಳು. ನಾನು ಬಾಯಿಬಡುಕ. ಯಾವುದಕ್ಕಾದರೂ ಒಂದು ಉತ್ತರ ಕೊಡದೆ ಬಿಟ್ಟವನಲ್ಲ. ಅವತ್ತು ಬಟ್ಟೆ ತಂದು ಚೆಲ್ಲಿದ ಹಾಲು ಒರೆಸಿದೆ.

ಇಂಥ ಸಮಯದಲ್ಲೇ ಮೇಡಂ ಬರುತ್ತಾರೆಂದು ಫೋನ್ ಬಂತು. ಸುಗುಣ ಮನೆಯನ್ನು ಉಜ್ಜಿ ಉಜ್ಜಿ ನೆಲ ಸವೆಸಿದಳು. ನಾನು ಅಂಗಡಿಗೆ ಬೀಗ ಹಾಕಿ, ಗಡ್ಡ ಹೆರೆದುಕೊಂಡು, ಕೆನ್ನೆ ಕುಯ್ದುಕೊಂಡು ಕುಳಿತೆ. ಮೇಡಂ ಬಂದರು. ಕುರ್ಚಿಯಲ್ಲಿ ಕುಳಿತು ಈಶ್ವರಿಯನ್ನು ನೋಡಿದರು. ನೋಡುತ್ತಲೇ ಇದ್ದರು.

"ಬಂದಾಗಿಗಿಂತ ಇಳಿದಿದ್ದಾಳಲ್ರಿ" ಎಂದರು.

ನಾನು ಉತ್ತರ ಹುಡುಕುವಷ್ಟರಲ್ಲಿ ಬಾಗಿಲಲ್ಲಿ ಸಾರಮ್ಮನವರು ಪ್ರತ್ಯಕ್ಷರಾದರು, ಕೈಯಲ್ಲಿ ಡಬ್ಬಿ. ಸಾರಮ್ಮನವರು ಇಲ್ಲಿಯವರೇ, ತೆಲುಗು ಚೆನ್ನಾಗಿ ಬಲ್ಲರು; ಆದರೆ ಕಿವಿ ಮಂದ. ಸಾಕು ಎಂದು ಯಾವ ಭಾಷೆಯಲ್ಲಿ ಕೂಗಿದರೂ ಅವರಿಗೆ ಕೇಳಿಸುವುದಿಲ್ಲ. "ಮೇಡಂ, ಹುಡುಗಿಗೆ ಇಲ್ಲಿ ಏನೂ ಕಮ್ಮಿ ಇಲ್ಲ, ನೀವೇ ನೋಡ್ರಿ" ಎಂದು ತಟ್ಟೆ ಹಾಕಿ, ಅನ್ನ ಸುರಿದು, ಸೌಟು ಎತ್ತಿದರು. ಅದೇ ಹೊತ್ತಿಗೆ ಮೇಡಂ ಬಾಗಿ ಕೇಳಿದರು: "ಈ ಮನೇಲಿ ಇರ್ತೀಯೇನಮ್ಮಾ?"

ಈಶ್ವರಿ ಸೌಟಿನ ಕಡೆ ನೋಡಿದಳು. "ಚಾಲು" ಎಂದಳು.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ನೋಡ್ರಿ ಮೇಡಂ, ಆಕಿ ಬಾಯಿಂದನ ಬಂತು. ಚಾಲು ಇರಲಿ ಅಂತಾಳ."

ಮೇಡಂ ನಗಲಿಲ್ಲ. ಟೀ ಲೋಟ ಕೆಳಗಿಟ್ಟರು. "ನಿಮಗೆ ತೆಲುಗು ಬರುತ್ತಾ?"

"ಬರ್ತೈತ್ರಿ" ಎಂದೆ. ಅಭ್ಯಾಸಬಲ.

"ನಮ್ಮನೆ ಮಾತು ತೆಲುಗೇ. ತೆಲುಗಲ್ಲಿ ಚಾಲು ಅಂದ್ರೆ ಸಾಕು ಅಂತ."

ಸಾಕು. ಈ ಮನೆ ಸಾಕು. ಸುಗುಣ ಗೋಡೆಗೆ ಒರಗಿ ಹಾಗೇ ಕೆಳಗೆ ಕುಸಿದು ಕುಳಿತಳು. ಮೇಡಂ ಹುಡುಗಿಯನ್ನು ಹತ್ತಿರ ಕರೆದು ತೆಲುಗಿನಲ್ಲಿ ಏನೋ ಕೇಳಿದರು. ಮೊದಲು ಒಂದೊಂದೇ ಮಾತು ಬಂತು, ಆಮೇಲೆ ಬಿಕ್ಕುತ್ತಾ ಒಂದೇ ಸಮನೆ ಹರಿಯಿತು. ನನ್ನ ಎದುರೇ ನಮ್ಮ ಬದುಕಿನ ತೀರ್ಪು ನಡೆಯುತ್ತಿತ್ತು, ಅದರಲ್ಲಿ ಒಂದಕ್ಷರವೂ ನನಗೆ ತಿಳಿಯುತ್ತಿರಲಿಲ್ಲ. ಕೊನೆಯ ಮಾತು ಮಾತ್ರ ಬಿಡಿಬಿಡಿಯಾಗಿ ಕೇಳಿಸಿತು: "ಬುವ್ವ ಚಾಲು. ಅವ್ವ ಕಾವಾಲಿ."

'ಅವ್ವ' ಎಂದದ್ದೇ ಸುಗುಣ ತಲೆ ಎತ್ತಿದಳು. ಅವಳ ಮುಖದಲ್ಲಿ ಬೆಳಕು ಬಂದದ್ದನ್ನು ನಾನು ಕಂಡೆ.

ಮೇಡಂ ಕೂಡ ಅದನ್ನು ಕಂಡರೆಂದು ತೋರುತ್ತದೆ. ಸುಗುಣಳ ಕಡೆ ತಿರುಗಿ ಹೇಳಿದರು: "ಅನ್ನ ಸಾಕು, ಅವ್ವ ಬೇಕು ಅಂತಾಳಮ್ಮ. ಆ ಕಡೆ ತೆಲುಗಲ್ಲಿ ಅವ್ವ ಅಂದ್ರೆ ಅಜ್ಜಿ."

ಬೆಳಕು ಆರಿತು. ಮೇಡಂ ಉಳಿದದ್ದನ್ನೂ ಹೇಳಿದರು. ಅನ್ನಕ್ಕೆ ಬೇಡ ಅನ್ನಬಾರದು, ಸಾಕು ಅನ್ನಬೇಕು, ಹಾಕಿಸಿಕೊಂಡದ್ದನ್ನು ಬಿಡಬಾರದು ಎಂದು ಅಜ್ಜಿ ಕಲಿಸಿದ್ದಳಂತೆ. ಹುಡುಗಿ ದಿನವೂ ಸಾಕು ಸಾಕು ಎಂದು ಬೇಡಿಕೊಂಡಿದ್ದಾಳೆ, ನಾವು ದಿನವೂ ಹಾಕಿದ್ದೇವೆ. ಇವರಿಗೆ ಸಿಟ್ಟು ಬಂದಿರಬೇಕು, ಅದಕ್ಕೇ ಹೀಗೆ ಶಿಕ್ಷೆ ಕೊಡುತ್ತಾರೆ ಎಂದುಕೊಂಡಿದ್ದಳಂತೆ. ಕೋಳಿ ಸಾರಿನಿಂದ ಶಿಕ್ಷೆ ಕೊಟ್ಟ ಮೊದಲ ಮನುಷ್ಯ ನಾನೇ ಇರಬೇಕು. ನಗು ಬರಬೇಕಾದ ಮಾತು. ನನಗೆ ಅಳು ಬಂತು, ಸಾರಮ್ಮನವರ ಎದುರಿಗೇ.

ಸುಗುಣ ಎದ್ದು ಬಂದು ಹುಡುಗಿಯ ಮುಂದೆ ಕುಳಿತಳು. ಮುಟ್ಟಲಿಲ್ಲ. "ಅವ್ವನ ಕಡೆ ನಾ ಕರ್ಕೊಂಡ ಹೋಗ್ತೀನಿ. ನೀ ಇಲ್ಲಿ ಇದ್ರೂ ಸರಿ, ಇರದಿದ್ರೂ ಸರಿ, ಕರ್ಕೊಂಡ ಹೋಗ್ತೀನಿ" ಎಂದಳು.

ಈಶ್ವರಿ ಕಣ್ಣೊರೆಸಿಕೊಂಡಳು. ಆಮೇಲೆ ಮೇಡಂ ಕಡೆಗಲ್ಲ, ಸುಗುಣಳ ಕಡೆಗೇ ತಿರುಗಿ, ಕನ್ನಡದಲ್ಲೇ ಹೇಳಿದಳು: "ಇರ್ತೀನಿ. ಬುವ್ವ ಕಮ್ಮಿ ಹಾಕು."

ಮುಂದಿನ ಭಾನುವಾರವೇ ಸಭೆಯಲ್ಲಿ ಡಬ್ಬಿಯ ಪಾಳಿ ರದ್ದಾಯಿತು. ಸಾರಮ್ಮನವರಿಗೆ ಇದನ್ನು ಪಾಸ್ಟರು ಎರಡು ಸಲ ಕಿವಿಯ ಹತ್ತಿರ ಕೂಗಿ ಹೇಳಬೇಕಾಯಿತು. ಅದರ ಬದಲು ಗಾಡಿ ಇದ್ದವರು ಸರದಿಯ ಮೇಲೆ ಈಶ್ವರಿಯನ್ನು ರಾಂಪುರದ ಕಡೆ ಅಜ್ಜಿಯ ಬಳಿ ಕರೆದೊಯ್ಯುವುದೆಂದು ಆಯಿತು. ಮೊದಲ ಸಲ ಸಾರಮ್ಮನವರ ಅಳಿಯನ ಗೂಡ್ಸ್ ಆಟೋದಲ್ಲಿ ಹೋದೆವು. ಮಂಚದಲ್ಲಿದ್ದ ಅಜ್ಜಿ ಮೊಮ್ಮಗಳ ಕೆನ್ನೆ ಸವರಿ, ಸುಗುಣಳ ಕೈ ಹಿಡಿದು, ತೆಲುಗಿನಲ್ಲಿ ಏನೇನೋ ಹೇಳಿದಳು. ನಾನು ಎಲ್ಲಕ್ಕೂ ತಲೆ ಆಡಿಸಿದೆ. ಈಶ್ವರಿ ನನ್ನನ್ನು ನೋಡಿ, "ನಿಂಗೆ ಏನೂ ತಿಳೀಲಿಲ್ಲ ಅಲ್ವಾ?" ಎಂದಳು. ಹೌದೆಂದೆ.

ಈಗ ಅಕ್ಕಪಕ್ಕದವರು "ಸಾಕುಮಗಳಾ?" ಎಂದು ಕೇಳಿದರೆ ನನಗೆ ಮೊದಲಿನಂತೆ ಮುಳ್ಳು ಚುಚ್ಚುವುದಿಲ್ಲ. ಒಬ್ಬ ಮಗಳು ಸಾಕು, ಅದಕ್ಕೇ ಸಾಕುಮಗಳು ಎಂದು ಹೇಳಿ ಮುಂದೆ ಹೋಗುತ್ತೇನೆ.

ಹೀಗಿರಲು, ಸಹಾಯ ಮಾಡಿದವರಿಗೆಲ್ಲ ಕೃತಜ್ಞತೆ ಹೇಳಬೇಕೆಂದು ಕಳೆದ ವಾರ ಆರಾಧನೆಯಲ್ಲಿ ದೇವರ ಉಪಕಾರ ನೆನೆದು ಸಾಕ್ಷಿ ಹೇಳಲು ನಿಂತೆ. ಮೈಕು ಕೈಗೆ ಬಂದರೆ ನನಗೆ ಹಿಂದು ಮುಂದು ತಿಳಿಯುವುದಿಲ್ಲ. ಮಕ್ಕಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆ, ಅವರ ಮಾತಿಗೆ ಕಿವಿಗೊಡುವುದು ಎಷ್ಟು ಮುಖ್ಯ ಎಂದು ನಾನು ಭರ್ಜರಿಯಾಗಿ ವಿವರಿಸುತ್ತಿದ್ದಾಗ, ಹೆಂಗಸರ ಕಡೆಯ ಚಾಪೆಯಿಂದ ಸ್ಪಷ್ಟವಾದ ಒಂದು ದನಿ ಬಂತು.

"ಚಾಲು."

ತೆಲುಗು ಬಲ್ಲವರು ಮೊದಲು ನಕ್ಕರು. ಅವರನ್ನು ಕೇಳಿ ತಿಳಿದುಕೊಂಡು ಉಳಿದವರು ನಕ್ಕರು. ಕೊನೆಯಲ್ಲಿ ಸಾರಮ್ಮನವರು ನಕ್ಕರು. ನೀರಿನ ಡ್ರಮ್ಮಿನ ಹಿಂದೆ ಅಡಗುತ್ತಿದ್ದ ಹುಡುಗಿ ನಾಲ್ಕು ಜನರ ಮುಂದೆ ನನ್ನನ್ನು ಗದರಿದ್ದಳು. ಹೊರಗಿನವರನ್ನು ಯಾರೂ ಹಾಗೆ ಗದರುವುದಿಲ್ಲ. ಅವಳು ಹೇಳಿದ್ದು ನನಗೆ ಈ ಸಲ ಸರಿಯಾಗಿಯೇ ಅರ್ಥವಾಗಿತ್ತು. ಆದರೆ ಏನು ಮಾಡುವುದು, ನಾನು ಹುಬ್ಬಳ್ಳಿಯವನು. ಮತ್ತೆ ಚಾಲು ಮಾಡಿದೆ.