ಎಲ್ಲರೂ ಒಟ್ಟಿಗೆ ಉಣ್ಣಿರೆಂದು ಬರೆದವರಿಗೆ

ಇಂಧನ ಉಳಿತಾಯದ ಸಲಹಾ ಪುಸ್ತಿಕೆಯನ್ನು ಮನೆಮನೆಗೆ ಹಂಚಿಸಿದ ಮಾನ್ಯರೇ,

ಅಫಜಲಪುರದ ಒಂದು ಅಡುಗೆಮನೆಯಿಂದ, ಹಿಟ್ಟು ಮೆತ್ತಿದ ಕೈಗಳಲ್ಲೇ ಮಾಡುತ್ತಿರುವ ನಮಸ್ಕಾರಗಳನ್ನು ಸ್ವೀಕರಿಸಬೇಕು.

ತಮ್ಮ ಸಲಹೆಗಳನ್ನು ನಾವು ಶಿರಸಾವಹಿಸಿ ಪಾಲಿಸಿದ್ದೇವೆ. ಬೇಳೆ ಮೊದಲೇ ನೆನೆಸುತ್ತೇವೆ, ಗಡಿಗೆಗೆ ಮುಚ್ಚಳ ಮುಚ್ಚುತ್ತೇವೆ; ದೀಪಗಳಂತೂ ನಮಗಿಂತ ಮೊದಲೇ ಪುಸ್ತಿಕೆ ಓದಿಕೊಂಡಂತೆ ತಾವಾಗಿಯೇ ಆರುತ್ತವೆ.

ನನ್ನ ದೂರು ಹದಿನಾಲ್ಕನೆಯ ಸಲಹೆಯದು: ಮನೆಯವರೆಲ್ಲರೂ ಒಂದೇ ಹೊತ್ತಿಗೆ ಉಂಡರೆ ಒಲೆ ಬೇಗ ಆರುತ್ತದೆ. ನಮ್ಮಲ್ಲಿ ನಾನೊಂದು ಹೊತ್ತಿಗೆ, ಅವ್ವ ಪೂಜೆ ಮುಗಿಸಿ ಇನ್ನೊಂದು ಹೊತ್ತಿಗೆ, ಮಕ್ಕಳು ಮನಸ್ಸು ಬಂದಾಗ ಉಣ್ಣುವುದು, ಪ್ರತಿ ತಾಟಿಗೂ ರೊಟ್ಟಿ ಹಂಚಿನಿಂದ ನೇರವಾಗಿ ಬೀಳುವುದು ರೂಢಿಯಾದ್ದರಿಂದ, ತೊಗರಿ ಕಟ್ಟಿಗೆಯ ಬಣವಿ ಮಳೆಗಾಲಕ್ಕೆ ಮೊದಲೇ ತಳ ಕಂಡಿತ್ತು. ಹೀಗಾಗಿ ನಾನೇ ತಮ್ಮ ಸಲಹೆಗೆ ಪ್ರಾಸ ಹೊಂದಿಸಿ, ‘ಎಲ್ಲರೂ ಕೂತರೆ ಒಟ್ಟಿಗೆ, ಅರ್ಧ ಉಳಿವುದು ಕಟ್ಟಿಗೆ’ ಎಂದು ಹೊಗೆ ಹಿಡಿದ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದೆ.

ಮರುದಿನ ಎಲ್ಲರೂ ಕೂತೆವು. ನನ್ನ ಹೆಂಡತಿ ಕಸ್ತೂರಿಬಾಯಿ ನಮಗೆ ತಲೆಗೊಂದು ರೊಟ್ಟಿ ಹಾಕಿ, ತಾನೂ ಬರಿ ತಾಟು ಹಿಡಿದು ನನ್ನ ಪಕ್ಕದಲ್ಲಿ ಕೂತಳು. ಎರಡನೆಯ ರೊಟ್ಟಿಯ ವಿಷಯ ವಿಚಾರಿಸಲಾಗಿ, ಗೋಡೆಯತ್ತ ಬೆರಳು ಮಾಡಿ, “ಎಲ್ಲಾರೂ ಅಂತ ನೀವೇ ಬರದೀರಿ. ಎಲ್ಲಾರೊಳಗ ನಾ ಬರೂದಿಲ್ಲೇನ್ರಿ?” ಎಂದಳು.

ಬರಿ ಹಂಚಿನಡಿ ಉರಿ ಹಾಳಾಗಬಾರದೆಂಬುದು ತಮ್ಮದೇ ಹದಿನೈದನೆಯ ಸಲಹೆ. ನಾನೇ ಎದ್ದೆ. ನಾನು ಬಡಿದ ಮೊದಲ ರೊಟ್ಟಿ ನಮ್ಮ ಜಿಲ್ಲೆಯ ನಕ್ಷೆಯಂತೆ ಆಳಂದದ ಕಡೆ ಹರಿದು, ಜೇವರ್ಗಿಯ ಕಡೆ ಕರಕಾಗಿತ್ತು. ಅವ್ವ ಅದನ್ನು ಎಮ್ಮೆಗೆ ಹಾಕೆಂದಳು. ಕಸ್ತೂರಿಬಾಯಿ ಮಾತ್ರ ಅದನ್ನು ಮುರಿದು, ಏಳುವ ಆವಿಯನ್ನು ತುಸು ಹೊತ್ತು ನೋಡಿ, “ಈ ಮನಿಗಿ ಬಂದ ಮ್ಯಾಲ ಬಿಸಿ ರೊಟ್ಟಿ ಇವತ್ತೇ ಉಣ್ಣಾಕತ್ತೇನಿ” ಎಂದು ಇನ್ನೊಂದು ಕೇಳಿದಳು. ಇಪ್ಪತ್ತೆರಡು ವರ್ಷ ಅವಳು ಏನುಂಡಳೆಂಬುದು, ಕೈ ತೊಳೆದು ಹೊರಗೆ ಹೋಗುತ್ತಿದ್ದ ನನ್ನ ಗಮನಕ್ಕೆ ಬಂದಿರಲಿಲ್ಲ. ಕಟ್ಟಿಗೆ ಉಳಿಸಲು ಹೋದವನಿಗೆ ಇಷ್ಟೊಂದು ತಿಳುವಳಿಕೆಯನ್ನು ಉಚಿತವಾಗಿ ಒದಗಿಸಿದ ತಮ್ಮ ಔದಾರ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಆದ್ದರಿಂದ ಮುಂದಿನ ಮುದ್ರಣದಲ್ಲಿ ‘ಎಲ್ಲರೂ’ ಎಂಬುದರ ಹಿಂದೆ ‘ರೊಟ್ಟಿ ಬಡಿಯುವವರನ್ನುಳಿದು’ ಎಂದು ಸೇರಿಸಬೇಕಾಗಿ ವಿನಂತಿ. ಅದಾಗದಿದ್ದರೆ, ತಾನೇ ಬಡಿದು, ತಾನೇ ಬೇಯಿಸಿ, ತಾನೇ ಬಡಿಸಿ, ಯಾರ ಪಕ್ಕದಲ್ಲೂ ಊಟಕ್ಕೆ ಕೂರದ ಒಲೆಯನ್ನು ತಾಲೂಕಿಗೊಂದರಂತೆ ಮಂಜೂರು ಮಾಡಿಸಬೇಕು.

ಬೆರಳು ಸುಟ್ಟುಕೊಂಡರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ದೌಲತರಾಯ, ಬಿ.ಎ.
ಅಫಜಲಪುರ, 1986

ತಾ.ಕ.: ಇದನ್ನು ಬರೆದು ಮುಗಿಸುವಷ್ಟರಲ್ಲಿ ತಾಟುಗಳನ್ನು ಹಾಕಿಯಾಗಿದೆ, ಕಸ್ತೂರಿಬಾಯಿಯದು ಒಲೆಗೆ ಎಲ್ಲಕ್ಕಿಂತ ಹತ್ತಿರ. ಮೊದಲನೆಯ ವಿನಂತಿಯನ್ನು ಹಿಂದಕ್ಕೆ ಪಡೆದಿದ್ದೇನೆ. ಆದರೆ ಹದಿನಾಲ್ಕನೆಯ ಸಲಹೆ ತಮ್ಮ ಮನೆಯಲ್ಲಿ ಜಾರಿಯಲ್ಲಿದೆಯೇ ಎಂಬುದನ್ನು ಮರುಟಪಾಲಿಗೆ ತಿಳಿಸಬೇಕು. ಸಹಿ ತಮ್ಮದು ಬೇಡ, ತಮ್ಮ ಹೆಂಡತಿಯವರದಿರಲಿ.