ಇಬ್ಬರು ಯಾಕೆ ಹೋಗುತ್ತಾರೆ?

ನಮ್ಮ ಮ್ಯಾನೇಜರ್ ಸಾಹೇಬರಿಗೆ ಒಂದು ರೂಢಿ: ಯಾರು ಏನು ಕೇಳಿದರೂ ಮೊದಲು ಕನ್ನಡಕ ತೆಗೆದು ಒರೆಸುವರು. ಒರೆಸಿ ಮುಗಿಯುವುದರೊಳಗೆ ಕೇಳಿದವರು ಬೇಸತ್ತು ಹೋಗಿರುತ್ತಿದ್ದರು. ಇಂಥ ಕಡೆ ತಮಾಷೆಗೆ ಬರವೇ? ೧೯೮೦ರ ಸುಮಾರಿಗೆ, ಕೊಲ್ಹಾಪುರದ ಹತ್ತಿರ, ಇಚಲಕರಂಜಿಯ ಆ ಪವರ್‌ಲೂಮ್ ಶೆಡ್ಡಿನಲ್ಲಿ ನಾನು ಟೈಪಿಸ್ಟ್ ಹುಡುಗಿ. ಇಂಗ್ಲಿಷ್ ಶಾಲೆಯಲ್ಲಿ ಕಲಿತದ್ದಕ್ಕೆ ಸಿಕ್ಕ ನೌಕರಿ. ಮಾತಾಡಲು ನಾಚಿಕೆ, ನೋಡುತ್ತಾ ಕೂತಿರುತ್ತಿದ್ದೆ.

೧. ರೋಗ

ಶೆಡ್ಡಿಗೆ ಒಂದೇ ಸಂಡಾಸ. ಗಂಡಸರಿಗೆ ಹಿಂದಿನ ಕಬ್ಬಿನ ಹೊಲವಿತ್ತು. ಸಂಡಾಸದ ಬಾಗಿಲಿಗೆ ಒಳಗಡೆ ಚಿಲಕವಿಲ್ಲ. ಹಾಗಾಗಿ ಮಗ್ಗದ ಲಾಳಿಗೆ ಹಾಕುವ ಕಾಂಡಿಗೆ ನೂಲು ಸುತ್ತುವ ಹೆಂಗಸರು ಜೋಡಿಯಾಗಿ ಹೋಗುವರು. ಒಬ್ಬಾಕೆ ಒಳಗೆ, ಇನ್ನೊಬ್ಬಾಕೆ ಹೊರಗೆ ಬಾಗಿಲು ಹಿಡಿದು.

"ಒಬ್ಬಾಕಿ ಎದ್ರ ಇಬ್ಬರ ಕೆಲಸ ನಿಂದರತೈತಿ! ಇದು ಮನಸಿನ ರೋಗ," ಎಂದರು ಸಾಹೇಬರು. ಹೆಂಗಸರಲ್ಲಿ ಹಿರಿಯಾಕೆ ಚಿಲಕ ಕೇಳಿದಳು. ಸಾಹೇಬರು ಕೊಲ್ಹಾಪುರದಿಂದ ಮನಶ್ಶಾಸ್ತ್ರದ ಪ್ರೊಫೆಸರನ್ನು ಕರೆಸಿದರು.

೨. ವರದಿ

ಪ್ರೊಫೆಸರು ಮೂರು ದಿನ ನೋಡಿ ಬರೆದದ್ದನ್ನು ನಾನೇ ಟೈಪ್ ಮಾಡಿದೆ.

"ಏನ್ ಬರದಾರವಾ?" ಹಿರಿಯಾಕೆ ಕೇಳಿದಳು.

"ನಿಮಗ ಒಬ್ಬರ ಮ್ಯಾಲೊಬ್ಬರಿಗೆ ಭಾಳ ವಿಶ್ವಾಸ ಐತಂತ, ಅಕ್ಕಾ. ಅದನ್ನ ಕಡಿಮಿ ಮಾಡಬೇಕಂತ."

"ಚಿಲಕದ್ದು?"

"ಇಲ್ರಿ."

"ಹಂಗಾರ ಭಾಳ ಕಲತಾರ ಬಿಡು."

೩. ಆಯ್ಕೆ

ಆಯ್ಕೆ ಕೊಟ್ಟರೆ ಜನ ನಿರ್ಣಯವನ್ನು ತಮ್ಮದೆಂದು ಒಪ್ಪುತ್ತಾರಂತೆ. ಪ್ರೊಫೆಸರು ಎಲ್ಲರನ್ನೂ ಕೂಡಿಸಿದರು.

"ಬಾಗಲಕ್ಕ ಹಸಿರು ಬಣ್ಣ ಬೇಕೋ, ನೀಲಿ ಬೇಕೋ? ನಿರ್ಣಯ ನಿಮ್ಮದು."

"ಚಿಲಕ ಬೇಕ್ರಿ," ಎಂದಳು ಹಿರಿಯಾಕೆ.

"ಅದು ಬಣ್ಣ ಅಲ್ಲಲ್ಲ, ಯವ್ವಾ."

"ಒಳಗ ಕುಂತಾಗ ನಮಗ ಬಣ್ಣ ಕಾಣಂಗಿಲ್ರಿ. ಹೊರಗಿನವರಿಗೆ ನಾವು ಕಾಣತೇವಿ."

ಹಸಿರು ಬಳಿದರು. ಜೊತೆಗೊಂದು ನಿಯಮ: ಒಬ್ಬರೇ ಹೋಗಬೇಕು, ಬಾಗಿಲ ಹತ್ತಿರ ಇನ್ನೊಬ್ಬರು ನಿಲ್ಲಕೂಡದು. ಮರುದಿನದಿಂದ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಜೋಡಿ ಹೋಗುವುದು ನಿಂತಿತು. ಪ್ರಯೋಗ ಯಶಸ್ವಿ ಎಂದು ಟೈಪ್ ಮಾಡಿದೆ.

೪. ಪರೀಕ್ಷೆ

ಯಶಸ್ಸಿನ ಖುಷಿಗೆ ಸಾಹೇಬರು ಖಾರದ ಮಿಸಳ ತರಿಸಿದರು. ಎರಡು ಪ್ಲೇಟು ತಿಂದ ಪ್ರೊಫೆಸರು ಇದ್ದಕ್ಕಿದ್ದಂತೆ ಎದ್ದು, ಬಿಳಿ ಪ್ಯಾಂಟಿನಲ್ಲಿ ಕಬ್ಬಿನ ಹೊಲಕ್ಕೆ ಹೋಗಲಾರದೆ, ಹಸಿರು ಬಾಗಿಲೊಳಗೆ ಓಡಿದರು.

ಗಾಳಿ ಬೀಸಿತು. ಬಾಗಿಲು ಕಿರ್ರೆಂದು ನಾಲ್ಕು ಬೆರಳು ಸರಿಯಿತು. ಒಳಗಿನಿಂದ ಒಂದು ಕೈ ಬಾಗಿಲಿಗೆ ಚಾಚಿತು, ಎಟುಕಲಿಲ್ಲ. ಎದುರಿಗೇ ಕಾಂಡಿ ಸುತ್ತುವ ಹೆಂಗಸರ ಸಾಲು.

"ಯಾರದೀರಿ? ಬಾಗಲಾ ಹಿಡೀರಿ!"

ಹಿರಿಯಾಕೆ ಅರ್ಧ ಎದ್ದಳು. ಪಕ್ಕದಾಕೆ ಸೆರಗು ಹಿಡಿದು ಜಗ್ಗಿದಳು. "ಕುಂದರಬೇ. ಒಬ್ಬರೇ ಹೋಗಬೇಕಂದಾರ."

ಎಲ್ಲರೂ ತಲೆ ತಗ್ಗಿಸಿ ಕಾಂಡಿ ಸುತ್ತತೊಡಗಿದರು. ನಾನೂ ಟೈಪ್ ಮಾಡತೊಡಗಿದೆ. ಬಾಗಿಲು ಇನ್ನೊಂದು ಗೇಣು ಸರಿಯಿತು.

"ಅಕ್ಕಾರ, ನಿಮ್ಮ ಕಾಲಿಗೆ ಬೀಳತೇನ್ರಿ, ಯಾರರೆ ಒಬ್ಬರು ಜೋಡಿ ಬರ್ರೀ!"