ಎಂಟಡಿ-ನಾಲ್ಕಡಿಯೊಳಗಿನ ಸಂಸಾರ

ಮೂಡಿಗೆರೆಯಲ್ಲಿ ಪ್ಲೈವುಡ್ ಕೊಯ್ದು ಕೊಡುವ ಅಂಗಡಿ ಇಟ್ಟವನಿಗೆ ದಿನಕ್ಕೊಂದು ನಗು ತಪ್ಪಿದ್ದಲ್ಲ. ನಗುವವಳು ಮಾತ್ರ ಮಸ್ಕತ್ತಿನಲ್ಲಿದ್ದಾಳೆ. ನನ್ನ ಹೆಂಡತಿ ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಸಂಜೆ ಫೋನಿನಲ್ಲಿ ಅವಳನ್ನು ನಗಿಸೋಕೆ ಅಂತಲೇ ಇವನ್ನೆಲ್ಲ ಜೋಪಾನ ಮಾಡಿಟ್ಟುಕೊಳ್ಳುತ್ತೇನೆ.

ಹೆಲಿಕಾಪ್ಟರ್

ಎಂಟಡಿ ಉದ್ದ, ನಾಲ್ಕಡಿ ಅಗಲದ ಶೀಟಿನಲ್ಲಿ ಗಿರಾಕಿ ಕೇಳಿದ ತುಂಡುಗಳನ್ನು ಹೇಗೆ ಜೋಡಿಸಿದರೆ ವೇಸ್ಟ್ ಕಡಿಮೆ ಅಂತ ಹೇಳುವ ಪ್ರೋಗ್ರಾಂ ಒಂದನ್ನು ಕಂಪ್ಯೂಟರಿಗೆ ಹಾಕಿಸಿದೆ. ಮೊದಲ ದಿನವೇ ಅದು ನಾಲ್ಕು ತುಂಡುಗಳನ್ನು ಸುತ್ತ ನಿಲ್ಲಿಸಿ, ನಡುವೆ ಒಂದು ಪುಟ್ಟ ತುಂಡನ್ನು ಕೂರಿಸಿತು. ಚೂರೂ ವೇಸ್ಟ್ ಇಲ್ಲ! ಆದರೆ ನಮ್ಮ ಗರಗಸ ಒಂದು ಅಂಚಿನಲ್ಲಿ ಹೊಕ್ಕರೆ ಇನ್ನೊಂದು ಅಂಚಿನವರೆಗೂ ಕೊಯ್ದೇ ಹೊರಬರುವುದು. ಮಿಷನ್ ನಡೆಸುವ ಆಚಾರ್ರು ತಲೆ ಓರೆ ಮಾಡಿ ನೋಡಿದರು.

"ಚೆನ್ನಾಗಿದೆ. ಈ ನಡುವಿನ ತುಂಡಿಗೆ ಗರಗಸ ಹೆಲಿಕಾಪ್ಟರಲ್ಲಿ ಇಳೀಬೇಕಲ್ಲ ಮಾರಾಯ್ರೇ!"

ಸಂಜೆ ಫೋನಿನಲ್ಲಿ ಇದನ್ನು ಕೇಳಿ ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಳು. ಫೋನಿಟ್ಟ ಮೇಲೆ ಅಂಗಡಿ ತೀರಾ ದೊಡ್ಡದು ಅನ್ನಿಸಿತು.

ನಿಂತ ಬಾಗಿಲು, ಮಲಗಿದ ಬಾಗಿಲು

ಬಾಳೂರಿನ ಎಸ್ಟೇಟಿನ ಅಮ್ಮ ಒಬ್ಬರ ವಾರ್ಡ್ರೋಬಿಗೆ ಎರಡು ಬಾಗಿಲು ಬೇಕಿತ್ತು. ಶೀಟ್ ಉಳಿಸುವ ಆಸೆಗೆ ಪ್ರೋಗ್ರಾಂ ಅದರಲ್ಲಿ ಒಂದು ಬಾಗಿಲನ್ನು ಅಡ್ಡಕ್ಕೆ ತಿರುಗಿಸಿಬಿಟ್ಟಿತ್ತು. ಕೂರಿಸಿದ ಮೇಲೆ ಕಂಡಿತು: ಒಂದು ಬಾಗಿಲಿನ ಮರದ ಗೆರೆ ನೆಟ್ಟಗೆ, ಇನ್ನೊಂದರದ್ದು ಅಡ್ಡ. ಬದಲಾಯಿಸಿ ಕೊಡ್ತೇನೆ ಅಂತ ಓಡಿದೆ. ಅವರು ಅಡ್ಡಗೆರೆಯ ಬಾಗಿಲನ್ನೇ ಸವರುತ್ತಾ ನಿಂತಿದ್ದರು. ಯಜಮಾನರು ತೀರಿಕೊಂಡು ಹೆಚ್ಚು ಕಾಲವಾಗಿರಲಿಲ್ಲ.

"ಇರ್ಲಿ ಬಿಡಪ್ಪ. ನಮ್ಮನೆಯವ್ರು ಇದ್ದಾಗ್ಲೂ ಹಿಂಗೇ. ನಾನು ನಿಂತೇ ಇರ್ತಿದ್ದೆ, ಅವ್ರು ಮಲ್ಗೇ ಇರ್ತಿದ್ರು."

ಇಬ್ಬರೂ ನಕ್ಕೆವು. ಅವರ ನಗು ಸ್ವಲ್ಪ ಬೇಗ ನಿಂತಿತು.

ಇದನ್ನು ಹೇಳಿದಾಗ ನನ್ನ ಹೆಂಡತಿ ನಗಲಿಲ್ಲ. "ಈ ಸಲ ರಜೆ ಮೇಲಲ್ಲ ಕಣ್ರೀ, ಕೆಲಸ ಬಿಟ್ಟೇ ಬರ್ತೇನೆ" ಅಂದಳು.

ಮಂಚ

ಅವಳು ಬರುವಷ್ಟರಲ್ಲಿ ಹೊಸ ಮಂಚ ಆಗಬೇಕಿತ್ತು. ಐದಡಿ ಅಗಲ ಅಂದರೆ ಪ್ರೋಗ್ರಾಂ ಎರಡನೇ ಶೀಟ್ ಕೇಳಿತು. ಅದರಲ್ಲಿ ಮುಕ್ಕಾಲು ಪಾಲು ವೇಸ್ಟ್. ನಾಲ್ಕಡಿಗೆ ಒಂದೇ ಶೀಟ್ ಸಾಕು. ಸಂಸೆಯಿಂದ ಬಂದ ವಯಸ್ಸಾದ ಗಂಡ-ಹೆಂಡತಿ ತಮ್ಮ ಮಂಚದ ಅಳತೆ ಕೊಡಲು ಅಲ್ಲೇ ಕಾಯುತ್ತಿದ್ದರು. ನನ್ನ ಕೈಯಲ್ಲಿ ಟೇಪು. ಫೋನ್ ಸ್ಪೀಕರಿಗೆ ಹಾಕಿ ಹೆಂಡತಿಯನ್ನು ಕೇಳಿದೆ, "ಐದಡಿನೋ, ನಾಲ್ಕಡಿನೋ?"

"ಶೀಟ್ ಉಳಿಯೋದು ಯಾವ್ದಕ್ಕೆ?"

"ನಾಲ್ಕಡಿಗೆ. ಆದ್ರೆ ಇಬ್ರಿಗೆ ಇಕ್ಕಟ್ಟಾಗುತ್ತೆ."

"ಆಗ್ಲಿ ಬಿಡಿ. ಇಷ್ಟು ವರ್ಷ ನಡುವೆ ಸಮುದ್ರ ಇಟ್ಕೊಂಡು ಮಲಗಿದ್ದು ಸಾಕು."

ಟೇಪು ಸರ್ರನೆ ಒಳಗೆ ಸರಿದುಕೊಂಡಿತು. ಹಿಂದಿನಿಂದ ಸಂಸೆಯ ಅಜ್ಜಿ ಗಂಡನ ಕಡೆ ಒಮ್ಮೆ ನೋಡಿ ಹೇಳಿದರು:

"ನಮ್ದು ಆರಡಿನೇ ಇರ್ಲಿ ಮಾರಾಯ. ಇವ್ರು ಎಲ್ಲಿಗೂ ಹೋಗೇ ಇಲ್ಲ!"